ಬರಿದಾಗಿ ಹೋಗದ ಡಬ್ಬಿ

ಧೈರ್ಯ ಹೇಳುವವರಿಗೆ ಕೊರತೆ ಇರಲಿಲ್ಲ. ಮುಂಬಯಿಯ ಭಾಂಡುಪ್‌ನ ಆ ಚಾಳಿನಲ್ಲಿ ನೀರಿಗೆ ಬರ, ಸಂಡಾಸಿಗೆ ಸರದಿ, ಕಾಲು ಚಾಚಲು ಜಾಗವಿಲ್ಲ; ಧೈರ್ಯ ಒಂದನ್ನು ಮಾತ್ರ ಯಾರು ಬೇಕಾದರೂ ಬಂದು ಧಾರಾಳವಾಗಿ ಕೊಟ್ಟು ಹೋಗುತ್ತಿದ್ದರು. ಕೊಡುವುದೆಲ್ಲ ಹೊಸ್ತಿಲಾಚೆ ನಿಂತು. ಮೂಗಿಗೆ ಸೆರಗು, ಇಲ್ಲವೆ ಕರವಸ್ತ್ರ. "ಮನಸ್ಸ ಗಟ್ಟಿ ಇಟ್ಕೋ ಚಂದ್ರವ್ವಾ" ಅನ್ನುವುದು, ಒಳಗಿನ ಕತ್ತಲೆಗೆ ಒಮ್ಮೆ ಕಣ್ಣು ಹಾಯಿಸುವುದು, ನಡೆಯುವುದು. ನಿಂತಷ್ಟು ಹೊತ್ತೂ ಅವರು ಉಸಿರು ಬಿಗಿಹಿಡಿದಿರುತ್ತಾರೆ ಎಂಬುದು ಒಳಗೆ ಮಲಗಿದ್ದ ಚಂದ್ರವ್ವನಿಗೆ ಗೊತ್ತಾಗುತ್ತಿತ್ತು.

ಅವಳಿಗೆ ಕ್ಷಯ. ಚಾಳಿನಲ್ಲಿ ಯಾರೂ ಆ ಹೆಸರು ಹೇಳುತ್ತಿರಲಿಲ್ಲ. 'ಆ ಬ್ಯಾನಿ' ಅನ್ನುತ್ತಿದ್ದರು. ಎಪ್ಪತ್ತನೆಯ ಇಸವಿಯ ಮಳೆಗಾಲದಲ್ಲಿ ಕೆಮ್ಮಿದರೆ ರಕ್ತ ಬಂತು. ದೊಡ್ಡ ದವಾಖಾನೆಯಲ್ಲಿ ಮಲಗಿಸಿಕೊಂಡು ದಿನಾ ಸೂಜಿ ಚುಚ್ಚಿದರು. ಮಳೆ ನಿಂತ ಮೇಲೆ, ಇನ್ನು ಮನೆಯಲ್ಲಿಯೇ ಮಾತ್ರೆ ನುಂಗಿಕೊಂಡು ಬಿದ್ದಿರು, ಹೊರಗೆ ತಿರುಗಬೇಡ, ಮಗುವನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಬೇಡ ಎಂದು ಕಳಿಸಿದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ಡಾಕ್ಟರರು, "ಕಫ ಸ್ವಚ್ಛ ಆಗೂ ತನಕಾ" ಅಂದರು.

ಮಗುವೆಂದರೆ ಸುಂದ್ರವ್ವ, ನಾಲ್ಕು ವರ್ಷದ್ದು. ಗಂಡ ಮುರಿಗೆಪ್ಪನ ತಾಯಿಯ ಹೆಸರು. ಅಜ್ಜಿಯ ಹೆಸರಿಟ್ಟ ಮೇಲೆ ಪೂರ್ತಿ ಹೆಸರು ಹಿಡಿದು ಬೈಯಲಾಗದು ಎಂದು ಚಂದ್ರವ್ವ 'ಸುಂದ್ರಿ' ಅನ್ನುತ್ತಿದ್ದಳು. ಊರಿಗೆ ಕಳಿಸೋಣವೆಂದರೆ ಅಜ್ಜಿ ಇಲ್ಲ. ತವರಿನ ಅತ್ತಿಗೆ ಆ ಬ್ಯಾನಿಯ ಮನೆಯ ಕೂಸು ಬೇಡವೆಂದು ಹೇಳಿಸಿದ್ದಳು. ಕೊನೆಗೆ ಕೈ ಚಾಚಿದವಳು ಪಕ್ಕದ ಖೋಲಿಯ ಗಂಗುಬಾಯಿ. ಸೊಲ್ಲಾಪುರದ ಕಡೆಯ ವಿಧವೆ, ಚಾಳಿನ ಸಾಲಿನ ಕೊನೆಯ ಖೋಲಿ ಅವಳದು. ಬಾಯಿ ಜೋರು, ಅವಳ ಕನ್ನಡದಲ್ಲಿ ಅರ್ಧ ಮರಾಠಿ, ಮರಾಠಿಯಲ್ಲಿ ಅರ್ಧ ಬೈಗಳು. "ಪೋರಿಗೆ ನನ್ನ ಕಡೆ ಬಿಡು" ಅಂದಳು. "ಒಂದ ಭಾಕರಿ ಜಾಸ್ತಿ ಬಡಿದರೆ ಮುಗೀತು." ಅಂದಿನಿಂದ ಸುಂದ್ರಿ ಗೋಡೆಯ ಆಚೆಗೆ ಹೋದಳು.

ಗೋಡೆಯೆಂದರೆ ಏನು, ಆಳೆತ್ತರದ ಇಟ್ಟಿಗೆ. ಅದರ ಮೇಲಿನಿಂದ ಹಂಚಿನ ತನಕ ಬಯಲು. ಆಚೆ ಮಗು ಸೀನಿದರೆ ಈಚೆ ಕೇಳುತ್ತಿತ್ತು. ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಅಂಥ ಗೋಡೆ ಕಟ್ಟಿದವನು ತಾಯಿಯಾಗಿ ಹುಟ್ಟಿದವನಲ್ಲ.

ಬೆಳಿಗ್ಗೆ ಕಾರ್ಖಾನೆಯ ಭೋಂಗಾ ಕೂಗಿದ ಕೂಡಲೇ ಮುರಿಗೆಪ್ಪ ಹೊರಟುಬಿಡುತ್ತಿದ್ದ. ಆಮೇಲೆ ಚಂದ್ರವ್ವ ಮತ್ತು ದಿನ. ಒಂದು ದಿನವೆಂದರೆ ಎಷ್ಟು ಉದ್ದವೆಂದು ದುಡಿಯುವವರಿಗೆ ಗೊತ್ತಿರುವುದಿಲ್ಲ. ಲಕ್ಷ್ಮೇಶ್ವರದ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿದವಳು, ಹೊತ್ತು ಹುಟ್ಟುವ ಮೊದಲೇ ಎದ್ದು ಗೊತ್ತಿತ್ತೇ ಹೊರತು ಮಲಗಿ ಹೊತ್ತು ಮುಳುಗಿಸಿ ಗೊತ್ತಿರಲಿಲ್ಲ. ಹಂಚು ನೋಡುವುದು, ಮಗ್ಗಲು ಬದಲಿಸುವುದು, ಕೆಮ್ಮುವುದು, ದೂರದಲ್ಲಿ ಲೋಕಲ್ ಗಾಡಿ ಹೋದ ಸದ್ದು ಕೇಳುವುದು, ಮತ್ತೆ ಹಂಚು ನೋಡುವುದು. ಸಾಯುವ ಭಯಕ್ಕಿಂತ ಈ ಬೇಸರವೇ ದೊಡ್ಡದಾಗಿತ್ತು. ಭಯ ಆಗಾಗ ಬಂದು ಹೋಗುತ್ತಿತ್ತು, ಬೇಸರ ಹೋಗುತ್ತಿರಲಿಲ್ಲ.

ನೀಲಕಂಠಪ್ಪನವರೆಂದು ಮುರಿಗೆಪ್ಪನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರೊಬ್ಬರಿದ್ದರು. ಧಾರವಾಡದವರು, ಮನೆ ಬೊರಿವಲಿಯಲ್ಲಿ. ಪಾಪ, ರಜೆಯ ದಿನ ದಾದರಿಗೆ ಹೋಗಿ ಗಾಡಿ ಬದಲಿಸಿ ಭಾಂಡುಪ್‌ಗೆ ಬಂದು, ಹೊಸ್ತಿಲಾಚೆ ಎರಡು ಮಾರು ದೂರ ನಿಂತು ಉಪದೇಶ ಮಾಡಿ ಹೋಗುತ್ತಿದ್ದರು.

"ತಂಗೀ, ಅರ್ಧಾ ರೋಗ ಮನಸ್ಸಿನಾಗ ಇರತದ. ಮುಂಜಾನೆ ಎದ್ದ ಕೂಡ್ಲೆ ಒಂದೀಟು ನಗಬೇಕು. ಕಾರಣ ಇರಲಿ ಬಿಡಲಿ, ನಗಬೇಕು. ಉಲ್ಲಾಸ ಅಂದ್ರ ಔಷಧ."

"ಆತ್ರೀ" ಅಂದಳು ಚಂದ್ರವ್ವ.

ಒಂದು ಬೆಳಿಗ್ಗೆ ನಕ್ಕೂ ನೋಡಿದಳು. ಕಾರಣವಿಲ್ಲದ ನಗು ಎದೆಯಿಂದ ಮೇಲೆ ಬರುವಾಗ ಕೆಮ್ಮನ್ನು ಕರೆದುಕೊಂಡೇ ಬಂತು. ಕೆಮ್ಮು ನಿಲ್ಲುವ ಹೊತ್ತಿಗೆ ಕಣ್ಣಲ್ಲಿ ನೀರು, ಸೆರಗೆಲ್ಲ ಒದ್ದೆ. ಗೋಡೆಯಾಚೆಯಿಂದ ಗಂಗುಬಾಯಿ, "ಕಾಯ್ ಝಾಲಂ ಗ?" ಎಂದು ಕೂಗಿದಳು. ಏನಾಯಿತೆಂದು ಹೇಳುವುದು? ನಗಲಿಕ್ಕೆ ಹೋಗಿದ್ದೆ ಅನ್ನುವುದೇ? ಆಮೇಲೆ ಅವಳು ಆ ಔಷಧವನ್ನು ಮುಟ್ಟಲಿಲ್ಲ.

ಅವಳನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ. ಅದು ಗಂಗುಬಾಯಿಯ ಹಿತ್ತಾಳೆಯ ಡಬ್ಬಿ.

ಮಧ್ಯಾಹ್ನದ ಊಟ ಗಂಗುಬಾಯಿ ಆ ಡಬ್ಬಿಯಲ್ಲಿ ಹಾಕಿ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದಳು. ಚಂದ್ರವ್ವ ತನ್ನ ತಾಟಿಗೆ ಸುರಿದುಕೊಂಡು ಉಣ್ಣುತ್ತಿದ್ದಳು. ಸಂಜೆ ಮುರಿಗೆಪ್ಪ ಬಂದು ಕುದಿಯುವ ನೀರಿನಲ್ಲಿ ಡಬ್ಬಿ ತೊಳೆದು ವಾಪಸ್ಸು ಕೊಡುತ್ತಿದ್ದ. ಮೊದಲ ಸಂಜೆಯೇ ಚಂದ್ರವ್ವ ಹಾಸಿಗೆಯಿಂದ ಎದ್ದು ಕೂತಳು.

"ಬರೇ ಡಬ್ಬಿ ಕೊಡ್ತೀರೇನು?"

"ಮತ್ತೇನ ಕೊಡ್ಲಿ?"

"ತುಂಬಿ ಬಂದ ಡಬ್ಬಿ ಬರಿದು ಕಳಸಬಾರದ್ರೀ. ನಮ್ಮವ್ವ ಹಂಗ ಕಲಿಸಿಲ್ಲ. ನಾಕ ಕಾಳ ಸಕ್ಕರಿ ಆದ್ರೂ ಹಾಕಬೇಕು."

"ಈ ಮನಿಯಿಂದ ಹೋದ ಸಕ್ಕರಿ ಯಾರ ತಿಂತಾರ ಚಂದ್ರಿ?" ಅಂದ ಮುರಿಗೆಪ್ಪ. ನೋಯಿಸಬೇಕೆಂದು ಅಂದದ್ದಲ್ಲ, ದಣಿದಿದ್ದ. ಆದರೂ ಮಾತು ನೆಟ್ಟಗೆ ಹೋಗಿ ನಾಟಿತು.

ಅವಳು ಆ ರಾತ್ರಿಯೆಲ್ಲ ಯೋಚಿಸಿದಳು. ಮರುದಿನ ಅಟ್ಟದ ಮೇಲಿದ್ದ ಶೇಂಗಾದ ಚೀಲ ಇಳಿಸಿಕೊಡಿರೆಂದು ಗಂಟುಬಿದ್ದಳು. ಅತ್ತಿಗೆಗೆ ತಿಳಿಯದಂತೆ ತವರಿನ ಅಣ್ಣ ಸುಗ್ಗಿಯ ನಂತರ ಯಾರದೋ ಕೈಯಲ್ಲಿ ಕಳಿಸಿದ್ದ ಚೀಲ. ಹಸಿಯದೇ, ಸಿಪ್ಪೆಯ ಸಮೇತ.

"ಸಿಪ್ಪಿ ಒಳಗಿನ ಕಾಳಿಗೆ ಯಾರ ಕೈನೂ ಹತ್ತಿಲ್ಲ, ಯಾರ ಉಸುರೂ ಹತ್ತಿಲ್ಲ" ಅಂದಳು. "ದೇವರು ಮುಚ್ಚಿ ಕಳಸ್ಯಾನ. ಮ್ಯಾಲ ಬಿಸಿಲಿಗೆ ಇಟ್ಟು ಕಳಸ್ತೀನಿ. ಬಿಸಲಾಗ ಈ ಹುಳಾ ಸಾಯತಾವಂತ ಡಾಕ್ಟರ ಅಂದಾರಿಲ್ಲೋ?"

ಮುರಿಗೆಪ್ಪನಿಗೆ ವಾದಿಸುವ ತ್ರಾಣ ಇರಲಿಲ್ಲ. ಚೀಲ ಇಳಿಸಿಕೊಟ್ಟ.

ಆ ಖೋಲಿಯ ಹಂಚುಗಳ ನಡುವೆ ಒಂದು ಗಾಜಿನ ಹಂಚಿತ್ತು. ಬೆಳಗಿನ ಹೊತ್ತು ಏರಿದ ಮೇಲೆ ಅದರಿಂದ ಅಂಗೈಯಗಲದ ಬಿಸಿಲು ಒಂದು ಗೋಡೆಯ ಬುಡಕ್ಕೆ ಬೀಳುತ್ತಿತ್ತು. ಅಲ್ಲಿಂದ ನೆಲದ ಮೇಲೆ ತೆವಳುತ್ತ ನೀರಿನ ಕೊಡದ ತನಕ ಹೋಗಿ, ಕೊಡ ಹತ್ತಿ, ಮಾಯವಾಗುತ್ತಿತ್ತು. ಅದೇ ಚಂದ್ರವ್ವನ ಹೊಲವಾಯಿತು. ಮೊದಲು ಚೀಲದಿಂದ ಮೊರದ ತುಂಬ ಶೇಂಗಾ ತೆಗೆದು ಆರಿಸುವುದು. ಕಿವಿಯ ಹತ್ತಿರ ಅಲ್ಲಾಡಿಸಿ ಜೊಳ್ಳು ಬಿಡುವುದು. ಮೂರು ಕಾಳಿನ ಉದ್ದ ಕಾಯಿ ಸಿಕ್ಕಿದರೆ ಸುಂದ್ರಿಗೆಂದು ಬೇರೆ ಇಡುವುದು. ಆರಿಸಿದ ಒಂದು ಹಿಡಿಯನ್ನು ಬಿಸಿಲಿನ ಚೂರಿನಲ್ಲಿ ಇಡುವುದು, ಬಿಸಿಲು ಸರಿದಂತೆ ಮೊರ ಸರಿಸುವುದು, ತಾನೂ ಅದರ ಹಿಂದೆ ಕುಂಡೆ ಎಳೆದುಕೊಂಡು ಸರಿಯುವುದು. ಸಂಜೆಯ ಹೊತ್ತಿಗೆ ಒಂದು ಹಿಡಿ ಶೇಂಗಾ ಸಿದ್ಧ. ಮೂರು ಜನ ಕೂತರೆ ಒಂದು ಗಳಿಗೆಯ ಕೆಲಸವೂ ಅಲ್ಲ ಅದು. ಚಂದ್ರವ್ವ ಅದನ್ನು ಇಡೀ ದಿನದ ಬೇಸಾಯ ಮಾಡಿದಳು.

ಮುರಿಗೆಪ್ಪ ಡಬ್ಬಿ ಕೊಟ್ಟು ಬಂದ ಮೇಲೆ ದಿನಾ ಒಂದೇ ಪ್ರಶ್ನೆ.

"ತಿಂದಳೇನ್ರೀ?"

"ತಿಂದಳು."

"ಮೂರ ಕಾಳಿಂದ ಮೊದಲ ತಿಂದಳೋ, ಸಣ್ಣವು ತಿಂದಳೋ?"

"ಎಲ್ಲಾ ತಿಂದಳು, ಬಿಡ." ನಿಜವೆಂದರೆ ಅವನು ಡಬ್ಬಿಯನ್ನು ಗಂಗುಬಾಯಿಯ ಕೈಗೆ ಕೊಟ್ಟು ತಿರುಗಿ ಬಂದುಬಿಡುತ್ತಿದ್ದ. ನಿಂತು ನೋಡಿರಲಿಲ್ಲ. ದಿನವೆಲ್ಲ ಮಷಿನ್ನಿನ ಮುಂದೆ ನಿಂತವನಿಗೆ ಮಗಳು ಶೇಂಗಾ ತಿನ್ನುವುದನ್ನು ಮತ್ತೆ ನಿಂತು ನೋಡುವಷ್ಟು ಕಾಲು ಉಳಿದಿರಲಿಲ್ಲ. ಹೆಂಡತಿಗೆ 'ತಿಂದಳು' ಎಂದರೆ ಸಾಕು, ಅವಳು ಗೋಡೆಯ ಕಡೆ ಮುಖ ಮಾಡಿ ನಿದ್ದೆ ಹೋಗುತ್ತಿದ್ದಳು. ಯಾರು ತಾನೆ ಹಾಗೆ ಅನ್ನುತ್ತಿರಲಿಲ್ಲ?

ಹೀಗೆ ಚಳಿ ಕಳೆಯಿತು, ಬೇಸಗೆ ಕಳೆಯಿತು. ಗೋಡೆಯಾಚೆಯ ಸುಂದ್ರಿಯ ಮಾತು ನಿಧಾನವಾಗಿ ಮರಾಠಿಯಾಯಿತು. ಗಂಗುಬಾಯಿ ಅವಳನ್ನು 'ಸುಂದೂ' ಅನ್ನುತ್ತಿದ್ದಳು. ಸುಂದೂ ಗಂಗುಬಾಯಿಯನ್ನು ಮೊದಲು 'ಬಾಯಿ' ಅಂದಳು, ಆಮೇಲೆ ಒಂದು ದಿನ 'ಆಯೀ' ಅಂದಳು. ಅಂದು ಚಂದ್ರವ್ವನ ಕೈಯಲ್ಲಿ ಮೊರ ಹಾಗೆಯೇ ನಿಂತಿತು, ಬಿಸಿಲು ಮುಂದೆ ಹೋಯಿತು. ತನ್ನ ಮಗು ತನ್ನ ಕೈಬಿಟ್ಟು ಹೋಗುತ್ತಿದೆ, ಅದೂ ಮೂರು ಮಾರು ದೂರದಲ್ಲಿ, ತನ್ನ ಕಿವಿಯೆದುರೇ ಎಂದು ಅವಳಿಗೆ ಹೊಟ್ಟೆ ಉರಿಯಿತು. ಸಾಕಿದವಳ ಮೇಲೆ ಹೊಟ್ಟೆ ಉರಿಯಬಾರದು. ಆದರೂ ಉರಿಯಿತು.

ಮಳೆಗಾಲ ಬಂದಾಗ ಗಾಜಿನ ಹಂಚು ಕಪ್ಪಾಯಿತು. ಬಿಸಿಲಿಲ್ಲ. ಚೀಲವೂ ತಳ ಕಂಡಿತ್ತು. ಹಂಚು ಸೋರಿ ಹಾಸಿಗೆಯ ಅಂಚು ಒದ್ದೆಯಾಗುತ್ತಿತ್ತು; ಅವಳು ಸರಿಯುತ್ತಿರಲಿಲ್ಲ. ವರ್ಷವಾಗುತ್ತ ಬಂತು, ಕಫ ಇನ್ನೂ ಸ್ವಚ್ಛವಾಗಿಲ್ಲ. ಇನ್ನು ಯಾಕೆ ಅನ್ನಿಸಿತು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು; ಒಂದು ದಿನ ನುಂಗಲಿಲ್ಲ, ಮರುದಿನವೂ ನುಂಗಲಿಲ್ಲ. ಹಾಸಿಗೆಯ ಕೆಳಗೆ ಹಾಕಿ, ನುಂಗಿದೆ ಅಂದಳು. ಮುರಿಗೆಪ್ಪ ನಂಬಿದ. ಆ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯ ಸುಳ್ಳು ಹೇಳಿಕೊಂಡು ಬದುಕಿದ್ದರು.

ಆ ಸಂಜೆ ಡಬ್ಬಿಗೆ ಏನನ್ನೂ ಹಾಕಲಿಲ್ಲ. ಮುರಿಗೆಪ್ಪನಿಗೆ ಓವರ್‌ಟೈಮ್ ಇತ್ತು, ಡಬ್ಬಿ ಹೊಸ್ತಿಲ ಹತ್ತಿರ ಬಿದ್ದಿತ್ತು. ಹೊರಗೆ ಮಳೆ ಹೊಡೆಯುತ್ತಿತ್ತು. ಮಳೆಯ ಸದ್ದಿನ ನಡುವೆ ಗೋಡೆಯಾಚೆಯಿಂದ ಸುಂದ್ರಿಯ ದನಿ:

"ಆಯೀ, ಅವ್ವಾಚೀ ಡಬ್ಬೀ ಆಲೀ ಕಾ?"

ಅವ್ವನ ಡಬ್ಬಿ ಬಂತೇನು ಎಂದು ಕೇಳುತ್ತಿತ್ತು ಮಗು. ಗಂಗುಬಾಯಿ ಏನೋ ಗದರಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಪ್ರಶ್ನೆ. ಮತ್ತೆ. ಮಾತೆಲ್ಲ ಮರಾಠಿಯಾದರೂ ಅವ್ವ ಅವ್ವನಾಗಿಯೇ ಉಳಿದಿದ್ದಳು. ಚಂದ್ರವ್ವ ಎದ್ದಳು. ಹಾಸಿಗೆಯ ಕೆಳಗಿನ ಮಾತ್ರೆಗಳಲ್ಲಿ ಅಂದಿನದನ್ನು ಆರಿಸಿ ನುಂಗಿದಳು. ಚೀಲ ಕೊಡವಿ ಉಳಿದಿದ್ದ ನಾಲ್ಕೈದು ಕಾಯಿಗಳನ್ನು ಒಲೆಯ ಹತ್ತಿರ ಬೆಚ್ಚಗಿಟ್ಟಳು. ಮುರಿಗೆಪ್ಪ ಬಂದಾಗ ಡಬ್ಬಿ ಅವಳ ಮುಂದೆ ಕಾಯುತ್ತಿತ್ತು. ಆ ಮಳೆಗಾಲವನ್ನು ಅವಳು ದಾಟಿದ್ದು ಆ ಒಂದು ಮಾತಿನ ಬಲದ ಮೇಲೆ. ತನ್ನ ಶೇಂಗಾ ತನ್ನ ಮಗುವನ್ನು ಹಿಡಿದಿಟ್ಟಿದೆ ಎಂದು ನಂಬಿದಳು. ಆಮೇಲೆ ಚೀಲ ಪೂರ್ತಿ ಮುಗಿದಾಗ ಮುರಿಗೆಪ್ಪ ಬಜಾರಿನಿಂದ ತಂದುಕೊಟ್ಟ ಶೇಂಗಾವನ್ನೇ ದಿನಕ್ಕೆರಡರಂತೆ ಹಾಕಿದಳು. ಊರಿನ ಶೇಂಗಾದ ಮುಂದೆ ಅವು ಕಾಯಿಯೇ ಅಲ್ಲ, ಆದರೂ ಡಬ್ಬಿ ಬರಿದಾಗಿ ಹೋಗಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ದವಾಖಾನೆಯವರು ಕಫ ಸ್ವಚ್ಛವಾಗಿದೆ ಅಂದರು. ಇನ್ನೂ ಒಂದಿಷ್ಟು ದಿನ ಕಾದು, ಮತ್ತೊಮ್ಮೆ ನೋಡಿ, ಮಗುವನ್ನು ಕರೆದುಕೊಳ್ಳಬಹುದು ಅಂದರು. ದಿನಾ ಬೆಳಿಗ್ಗೆ ಸ್ವಲ್ಪ ನಡೆ ಎಂದೂ ಹೇಳಿದರು. ಮುರಿಗೆಪ್ಪ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತ. ಚಂದ್ರವ್ವನಿಗೆ ಅಳುವಷ್ಟು ಕಸುವು ಇರಲಿಲ್ಲ, ಸುಮ್ಮನೆ ಅವನ ಭುಜ ಹಿಡಿದುಕೊಂಡು ನಿಂತಳು.

ನವರಾತ್ರಿಯ ಮೊದಲ ದಿನ ಸುಂದ್ರಿಯನ್ನು ಕರೆತಂದರು. ತಲೆಗೆ ಎಣ್ಣೆ ಹಾಕಿ ಬಾಚಿ, ಹೊಸ ಫ್ರಾಕು ತೊಡಿಸಿ ಗಂಗುಬಾಯಿಯೇ ಬಾಗಿಲ ತನಕ ತಂದು ಬಿಟ್ಟಳು. ಒಳಗೆ ಚಂದ್ರವ್ವ ನೆಲ ಸಾರಿಸಿ, ಕೈ ಚಾಚಿ ಕೂತಿದ್ದಳು. ಮಗು ಹೊಸ್ತಿಲಾಚೆ ನಿಂತಿತು. ಎಲ್ಲರೂ ನಿಲ್ಲುವ ಜಾಗದಲ್ಲಿಯೇ, ಎಲ್ಲರೂ ನಿಲ್ಲುವ ಹಾಗೆಯೇ.

"ಬಾ ಸುಂದ್ರಿ. ಒಳಗ ಬಾ."

ಮಗು ತಲೆಯಲ್ಲಾಡಿಸಿತು. "ಆತ್ ನಾಹೀ ಯಾಯ್ಚಂ" ಅಂದಿತು. ಒಳಗೆ ಬರಬಾರದು. ವರ್ಷವಿಡೀ ಕಲಿಸಿದ ಪಾಠ, ಒಂದು ಬೆಳಿಗ್ಗೆಯಲ್ಲಿ ಮರೆಯುವುದು ಹೇಗೆ? ಮುರಿಗೆಪ್ಪ ಎತ್ತಿ ಒಳಗೆ ಇಳಿಸಿದ. ಬಾಗಿಲ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತ ಮಗು ಬಹಳ ಹೊತ್ತು ತಾಯಿಯನ್ನು ನೋಡಿತು. ಆಮೇಲೆ ಅಂಗೈ ಚಾಚಿತು.

"ನೀ ಡಬ್ಬಿ ಅವ್ವ ನಾ? ಗೂಳ ಕೊಡು."

ಡಬ್ಬಿ ಅವ್ವ! ಚಂದ್ರವ್ವನ ಎದೆ ತುಂಬಿ ಬಂತು. ತನಗೆ ಆ ಹೆಸರಾದರೂ ಉಳಿದಿದೆಯಲ್ಲ. ಆದರೆ ಬೆಲ್ಲ ಕೇಳುತ್ತಿದೆಯಲ್ಲ ಮಗು? "ಬೆಲ್ಲ ಅಲ್ಲವಾ, ಶೇಂಗಾ" ಅಂದಳು. ಮಗು ಮುಖ ಗಂಟುಹಾಕಿತು. ಶೇಂಗಾ ಅದಕ್ಕೆ ಬೇಕಿರಲಿಲ್ಲ. ಸಂಜೆಯಾಗುವಷ್ಟರಲ್ಲಿ "ಆಯೀಕಡೇ ಜಾಯ್ಚಂ" ಎಂದು ಅಳತೊಡಗಿತು, ಗಂಗುಬಾಯಿಯ ಕಡೆ ಓಡಿತು. ಮರುದಿನವೂ ಅದೇ. "ರೂಢಿ ಆಗತೈತಿ ಬಿಡ" ಅಂದ ಮುರಿಗೆಪ್ಪ. ಬದುಕಿ ಬಂದದ್ದು ಯಾರಿಗಾಗಿ ಎಂದು ಚಂದ್ರವ್ವ ಯೋಚಿಸಿದಳು.

ಮೂರನೆಯ ಬೆಳಿಗ್ಗೆ ಡಾಕ್ಟರರು ಹೇಳಿದಂತೆ ನಡೆಯಲು ಹೊರಟಳು. ಮುಂದಿನ ಗಲ್ಲಿಯಲ್ಲಿ ನೀರಿಗೆ ನಿಂತ ಹೆಂಗಸರು ದಾರಿ ಬಿಟ್ಟು ಸರಿದರು, ಬೇಕಾದ್ದಕ್ಕಿಂತ ಹೆಚ್ಚೇ ಸರಿದರು. ಅದನ್ನು ನೋಡಲಾರದೆ ಅವಳು ಇನ್ನೊಂದು ಕಡೆ ತಿರುಗಿದಳು. ಗಂಗುಬಾಯಿಯ ಖೋಲಿ ದಾಟಿ, ಸಾಲಿನ ಕೊನೆಯ ಮೂಲೆ ಸುತ್ತಿದರೆ ಗುಡ್ಡದ ಇಳಿಜಾರು. ಗಂಗುಬಾಯಿಯ ಕಿಟಕಿ ಆ ಕಡೆಗೆ ತೆರೆಯುತ್ತಿತ್ತು. ಕಸ ಬೀಳುವ ಜಾಗ, ಯಾರೂ ಹೋಗುವುದಿಲ್ಲ.

ಅಲ್ಲಿ ಹಸಿರು ಇತ್ತು. ಚಂದ್ರವ್ವ ನಿಂತಳು. ಮುಂಬಯಿಯವರು ನೋಡಿದ್ದರೆ ಮಳೆಗೆ ಬೆಳೆದ ಕಳೆ ಅನ್ನುತ್ತಿದ್ದರು. ಅವಳಿಗೆ ಎರಡನೆಯ ಸಲ ನೋಡಬೇಕಾಗಿ ಬರಲಿಲ್ಲ. ದಂಟಿಗೆ ನಾಲ್ಕು ನಾಲ್ಕು ಎಲೆ, ಅಲ್ಲೊಂದು ಇಲ್ಲೊಂದು ಹಳದಿ ಹೂವು ಇನ್ನೂ ಉಳಿದಿತ್ತು, ತುದಿ ಎಲೆಗಳು ಬಣ್ಣ ತಿರುಗಿ ಕೀಳುವ ಹದಕ್ಕೆ ಬಂದಿದ್ದವು. ಶೇಂಗಾ. ಬಳ್ಳಿ ಬಳ್ಳಿಯಾಗಿ ಕಿಟಕಿಯ ಕೆಳಗಿನಿಂದ ಇಳಿಜಾರಿನ ತನಕ, ಕೈ ಬೀಸಿ ಎಸೆದರೆ ಎಲ್ಲಿ ಬೀಳುತ್ತದೋ ಅಲ್ಲೆಲ್ಲ.

ಕಾಗೆ ಇಲಿ ತಿಂದು ಉಳಿದದ್ದೇ ಇಷ್ಟು.

ಅಲ್ಲೇ ಕಲ್ಲಿನ ಮೇಲೆ ಕೂತಳು. ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿದ್ದು, ಬಿಸಿಲಿನ ಹಿಂದೆ ಕುಂಡೆ ಎಳೆದದ್ದು, ಮೂರು ಕಾಳಿನದು, ಎಲ್ಲ ಇಲ್ಲಿತ್ತು. ಒಂದು ಕಾಳೂ ಮಗುವಿನ ಬಾಯಿಗೆ ಹೋಗಿಲ್ಲ. ಹಾಗಾದರೆ 'ಅವ್ವಾಚೀ ಡಬ್ಬೀ ಆಲೀ ಕಾ' ಎಂದು ಮಗು ಕಾದದ್ದು ಏನನ್ನು? ಬೆಲ್ಲವನ್ನು. ಈಗ ಗೊತ್ತಾಯಿತು.

ಕಿಟಕಿಯಲ್ಲಿ ಗಂಗುಬಾಯಿಯ ಮುಖ ಕಂಡಿತು. ಅವಳು ಬಳ್ಳಿಯನ್ನು ನೋಡಿದಳು, ಚಂದ್ರವ್ವನನ್ನು ನೋಡಿದಳು.

"ನೀ ಎಸದಿ" ಅಂದಳು ಚಂದ್ರವ್ವ. ಕೂಗಲಿಕ್ಕೆ ಉಸಿರಿರಲಿಲ್ಲ.

"ಹೌದು, ಎಸದೆ." ಗಂಗುಬಾಯಿ ತಲೆ ತಗ್ಗಿಸಲಿಲ್ಲ. "ಸುಳ್ಳ ಕಶಾಲಾ ಹೇಳಲಿ? ನಿನ್ನ ಖೋಲಿದಿಂದ ಬಂದದ್ದು ಪೋರಿ ಬಾಯಿಗೆ ಇಡಲಿಕ್ಕೆ ನನ್ನ ಕೈ ಏಳಲಿಲ್ಲ. ನನ್ನ ದೀರ, ಗಂಡನ ತಮ್ಮ, ಇದೇ ಬಿಮಾರಿದಾಗ ಹೋದ. ಅವನ ತಾಟಿನಾಗ ತಿಂದು ಅವನ ಮಗಾ ಹೋದ. ನಾ ಕಣ್ಣಿಂದ ನೋಡೀನಿ."

"ಸಿಪ್ಪಿ ಒಳಗಿನ ಕಾಳ ಇತ್ತಲ್ಲ..."

"ಸಿಪ್ಪಿ, ಕಾಳು, ನನಗೇನ ಗೊತ್ತು? ನಾ ಡಾಕ್ಟರ್ ಆಹೇ ಕಾ? ಅಂಜಿಕಿ ಆತು, ಎಸದೆ." ಆಮೇಲೆ ಅವಳ ದನಿ ಇಳಿಯಿತು. "ಆದ್ರ ಪೋರಿ ರೋಜ್ ಡಬ್ಬಿ ತೆರದು ನೋಡತಿತ್ತು. ಅವ್ವ ಏನ ಕಳಸ್ಯಾಳ ಅಂತ. ಖಾಲಿ ಡಬ್ಬಿ ಅದಕ್ಕ ಹೆಂಗ ತೋರಸಲಿ? ಒಂದ ಚೂರು ಗೂಳ ಇಡತಿದ್ದೆ. ಅವ್ವ ಕಳಸ್ಯಾಳ ಅಂತಿದ್ದೆ. ಒಂದ ದಿವಸಾನೂ ನನ್ನ ಹೆಸರು ಹೇಳಲಿಲ್ಲ, ಚಂದ್ರಾ. ದೇವಾಶಪ್ಪಥ್."

ಚಂದ್ರವ್ವ ಬೈಯಬೇಕೆಂದು ಬಾಯಿ ತೆರೆದಳು. ತನ್ನ ವರ್ಷದ ದುಡಿಮೆಯನ್ನು ಕಿಟಕಿಯಾಚೆ ಚೆಲ್ಲಿದವಳೂ ಇವಳೇ, ತನ್ನ ಹೆಸರನ್ನು ಮಗುವಿನ ಬಾಯಲ್ಲಿ ಕಾಯ್ದವಳೂ ಇವಳೇ. ಕೆನ್ನೆಗೆ ಹೊಡೆಯಬೇಕೋ ಕಾಲು ಹಿಡಿಯಬೇಕೋ? ಸಿಟ್ಟು ಹೋಗಲಿಲ್ಲ, ಆದರೆ ಅದನ್ನು ಇಳಿಸಲು ಜಾಗವೂ ಕಾಣಲಿಲ್ಲ. ಕಿಟಕಿಯಲ್ಲಿ ಮುಖ ಮರೆಯಾಯಿತು.

ಒಂದು ಗಳಿಗೆಯ ಮೇಲೆ ಸುಂದ್ರಿ ಮೂಲೆ ಸುತ್ತಿ ಬಂದಳು. ಗಂಗುಬಾಯಿ ಕಳಿಸಿದ್ದಿರಬೇಕು. ದೂರ ನಿಂತು, "ಕಾಯ್ ಕರತೇಸ್?" ಅಂದಳು. ಏನು ಮಾಡುತ್ತಿದ್ದೀಯೆಂದು.

ಚಂದ್ರವ್ವ ಒಂದು ಬಳ್ಳಿಯ ಬುಡಕ್ಕೆ ಕೈ ಹಾಕಿದಳು. ಸಡಿಲ ಮಣ್ಣು, ಸಲೀಸಾಗಿ ಬಂತು. ಎತ್ತಿ ಕೊಡವಿದಳು. ಬೇರಿನ ಸುತ್ತ ಕಾಯಿಗಳು ಜೋತಾಡಿದವು, ಬೆಳ್ಳಗೆ, ಮಣ್ಣು ಮೆತ್ತಿಕೊಂಡು.

ಮಗುವಿನ ಬಾಯಿ ತೆರೆಯಿತು. "ಮಣ್ಣಿನೊಳಗ!" ಅಂದಿತು. ಎಷ್ಟೋ ತಿಂಗಳ ಮೇಲೆ ಅದರ ಬಾಯಿಂದ ಬಂದ ಅಪ್ಪಟ ಕನ್ನಡ ಅದು. "ಅವ್ವ, ಮಣ್ಣಿನೊಳಗ ಹೆಂಗ ಹೋತು?"

"ಹೂ ಮ್ಯಾಲ ಬಿಡತೈತಿ, ಕಾಯಿ ಒಳಗ ಕಟ್ಟತೈತಿ. ಮುಚ್ಚಿಟ್ಟಕೊಂಡು ಬೆಳೀತೈತಿ."

ಸುಂದ್ರಿ ಓಡಿ ಬಂದು ಪಕ್ಕದಲ್ಲಿ ಕೂತಳು. ತಾನೂ ಒಂದು ಬಳ್ಳಿ ಎಳೆದಳು, ಹಿಂದಕ್ಕೆ ಬಿದ್ದಳು, ನಕ್ಕಳು. ತಾಯಿ ಮಗಳು ಸೇರಿ ಕಿತ್ತರು. ವರ್ಷದ ನಂತರ ಮೊದಲ ಸಲ ಆ ಪುಟ್ಟ ಮೊಣಕೈ ಚಂದ್ರವ್ವನ ತೊಡೆಗೆ ತಾಗಿತು. ಅವಳು ಅಲುಗಾಡದೆ ಕೂತಳು, ಅಲುಗಾಡಿದರೆ ಎದ್ದು ಹೋದೀತೆಂದು. ಚಂದ್ರವ್ವ ಬಿಡಿಸಿ ಸೆರಗಿಗೆ ಹಾಕಿಕೊಂಡಿದ್ದ ಕಾಯಿಗಳಲ್ಲಿ ಒಂದನ್ನು ಮಗು ಎತ್ತಿಕೊಂಡಿತು, ಹಲ್ಲಿನಿಂದ ಒಡೆಯಲು ಬಾಯಿಗೆ ಇಟ್ಟಿತು.

"ಬ್ಯಾಡ!" ಚಂದ್ರವ್ವನ ಕೈ ತಾನಾಗಿಯೇ ಹೋಗಿ ಅದನ್ನು ಕಸಿದುಕೊಂಡಿತ್ತು. "ನನ್ನ ಕೈ ಹತ್ತೈತಿ ಅದಕ್ಕ."

ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಡಾಕ್ಟರರು ಎರಡು ಸಲ ನೋಡಿ ಸ್ವಚ್ಛ ಅಂದಿದ್ದರು. ಆದರೂ ಹೆತ್ತ ಕೈಯೇ ಕಸಿದುಕೊಂಡಿತಲ್ಲ! ಹಾಗಿರುವಾಗ ಕಿಟಕಿಯಿಂದ ಎಸೆದ ಕೈಗೆ ಏನು ಹೇಳುವುದು? ಇಷ್ಟು ದಿನ ಎಲ್ಲರನ್ನೂ ಹೊಸ್ತಿಲಾಚೆ ನಿಲ್ಲಿಸಿದ ಭಯ ತನ್ನೊಳಗೂ ಬೇರು ಬಿಟ್ಟಿತ್ತು. ಅದನ್ನು ತಾನೊಬ್ಬಳೇ ಕೀಳಲಾರೆ ಎಂದು ಅವಳಿಗೆ ಅನ್ನಿಸಿತು.

"ಹೋಗವಾ, ಆಯೀ ಕಡೆಯಿಂದ ಡಬ್ಬಿ ಇಸಗೊಂಡ ಬಾ" ಅಂದಳು.

ಮಗು ಡಬ್ಬಿ ತಂದಿತು. ಮಣ್ಣು ಕೊಡವಿ ಕಾಯಿಗಳನ್ನು ಅದರಲ್ಲಿ ಹಾಕಿ, ಮುಚ್ಚಳ ಹಾಕದೆ, ಎರಡೂ ಕೈಯಲ್ಲಿ ಹಿಡಿದು ಚಂದ್ರವ್ವ ಗಂಗುಬಾಯಿಯ ಬಾಗಿಲಿಗೆ ಹೋದಳು. ಹೊಸ್ತಿಲಾಚೆ ನಿಂತಳು. ಈಗ ನಿಲ್ಲುವ ಸರದಿ ಅವಳದು.

"ತುಂಬಿ ಬಂದ ಡಬ್ಬಿ ಬರಿದು ಕಳಸಬಾರದು" ಅಂದಳು. "ಇವತ್ತ ಎಸದರೂ ನನ್ನ ಕಣ್ಣ ಮುಂದ ಎಸಿ, ಅಕ್ಕಾ."

ಗಂಗುಬಾಯಿ ಡಬ್ಬಿಯನ್ನೂ ಆ ಎರಡು ಕೈಗಳನ್ನೂ ನೋಡಿದಳು. ಅವಳ ಭಯ ಸುಳ್ಳಾಗಿರಲಿಲ್ಲ, ಎಂದೂ ಸುಳ್ಳಾಗಿರಲಿಲ್ಲ. ಚಂದ್ರವ್ವ ಕಾದಳು. ಅವಳ ಪಕ್ಕದಲ್ಲಿ ಸುಂದ್ರಿ ಯಾರ ಮುಖ ನೋಡಬೇಕೆಂದು ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಗಂಗುಬಾಯಿ ಒಂದು ಕಾಯಿ ಎತ್ತಿಕೊಂಡಳು, ಉಗುರಿನಿಂದ ಒಡೆದಳು, ಕಾಳನ್ನು ತನ್ನ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದು ನುಂಗಿದಳು.

"ಕಚ್ಚಾ ಐತಿ" ಅಂದಳು ಒರಟಾಗಿ. "ಪೋರಿ ಹೊಟ್ಟೆ ನೋಯತದ. ಕುದಿಸಬೇಕು." ಒಳಗೆ ಹೋಗಿ ಸ್ಟೋವಿಗೆ ಪಂಪು ಹೊಡೆದಳು, ಪಾತ್ರೆಗೆ ನೀರು ಸುರಿದಳು. ಹಿಂತಿರುಗಿ ನೋಡಿದರೆ ಚಂದ್ರವ್ವ ಇನ್ನೂ ಅಲ್ಲೇ ನಿಂತಿದ್ದಳು.

"ಹೊರಗ ಯಾಕ ನಿಂತಿ? ನಿಮ್ಮ ಊರ ಶೇಂಗಾ, ಉಪ್ಪು ಎಷ್ಟ ಹಾಕಬೇಕು ನನಗೇನ ಗೊತ್ತು? ಒಳಗ ಯೇ."

ಸುಂದ್ರಿ ಸೆರಗು ಹಿಡಿದು ಎಳೆದಳು. "ಅವ್ವ, ಬಾ." ವರ್ಷದ ನಂತರ ಚಂದ್ರವ್ವ ಇನ್ನೊಬ್ಬರ ಹೊಸ್ತಿಲು ದಾಟಿದಳು. ಗಂಗುಬಾಯಿ ಉಪ್ಪಿನ ಭರಣಿಯ ಮುಚ್ಚಳ ತೆಗೆದು ಮುಂದೆ ಹಿಡಿದಳು. ಚಂದ್ರವ್ವ ತನ್ನ ಕೈಯನ್ನು ಒಮ್ಮೆ ನೋಡಿಕೊಂಡಳು. ಮೂಲೆಯ ಬಚ್ಚಲಿಗೆ ಹೋಗಿ ಮಣ್ಣು ತೊಳೆದುಕೊಂಡು ಬಂದು, ಭರಣಿಯೊಳಗೆ ಕೈ ಹಾಕಿದಳು.